ಬೂಷ್ಟು ಚಾಚಿದ ಕಡೆ

ಅಣುಸ್ಥಾವರದ ಸೋರಿಕೆಯಲ್ಲಿ ಸಿಕ್ಕಿಬಿದ್ದಿದ್ದ ಕಮಲಾಕ್ಷನ ಮೈಯಲ್ಲಿ ವಿಕಿರಣದ ಸುಳಿವೇ ಇಲ್ಲವೆಂದು ಕಂಪನಿಯ ಡಾಕ್ಟರು ಸಾಧಿಸಿದ್ದರು. ಕೂದಲು ಉದುರುತ್ತಿದ್ದರೂ ರಜೆ ಸಿಗಲಿಲ್ಲ; ಪ್ರಯೋಗಾಲಯದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ವಿಕಿರಣವನ್ನೇ ಉಂಡು ಬೆಳೆಯುವ ಕಪ್ಪು ಬೂಷ್ಟನ್ನು ಅವನು ಕಾಯಬೇಕಿತ್ತು. ವಿಕಿರಣ ಎಲ್ಲಿದೆಯೋ ಆ ಕಡೆಗೇ ಅದು ಚಾಚಿಕೊಳ್ಳುತ್ತಿತ್ತು.

ಒಂದು ಬೆಳಿಗ್ಗೆ ವಿಜ್ಞಾನಿ ಗಾಜಿನ ತಟ್ಟೆಯ ಮೇಲೆ ಬಗ್ಗಿದವರು ಹುಬ್ಬೇರಿಸಿದರು.

"ವಿಕಿರಣ ಸೂಸುವ ತುಣುಕನ್ನು ಹೋದ ವಾರವೇ ತೆಗೆದಿದ್ದೆನಲ್ಲ! ಮತ್ತೆ ಇದು ಬಲಗಡೆಗೆ ಯಾಕೆ ಬೆಳೀತಾ ಉಂಟು? ಅಲ್ಲಿ ಎಂತ ಇದೆ?"

"ಎಂತ ಇಲ್ಲ ಸಾರ್. ನನ್ನ ಕುರ್ಚಿ ಮಾತ್ರ."

ಹೇಳಿದ ಮೇಲೆ ಕಮಲಾಕ್ಷ ಬೂಷ್ಟು ಚಾಚಿದ ಕಡೆಯನ್ನೂ ತನ್ನ ಮೈಯನ್ನೂ ನೋಡಿಕೊಂಡ.

"ಸಾರ್, ಈಗಲಾದ್ರೂ ದೊಡ್ಡಾಸ್ಪತ್ರೆಗೆ ಕಳಿಸ್ತೀರಾ?"

ವಿಜ್ಞಾನಿ ಮೆಲ್ಲಗೆ ಬಾಗಿಲ ತನಕ ಹಿಂದೆ ಸರಿದರು.

"ಕಳಿಸುವ, ಕಳಿಸುವ. ಪ್ರಯೋಗ ಮುಗಿಯುವವರೆಗೆ ಮಾತ್ರ ಆ ಕುರ್ಚಿ ಬಿಟ್ಟು ಏಳ್ಬೇಡ ಮಾರಾಯ."