ಬಲಗೈ

ಕೂಗು ಕೇಳಿ ವೆಂಕಟರಮಣಾಚಾರಿ ಕೆತ್ತುತ್ತಿದ್ದ ವಿಗ್ರಹ ಬಿಟ್ಟು ಹಿತ್ತಿಲಿಗೆ ಓಡಿದ. ಮಗ ಅಶ್ವತ್ಥ ಕಲ್ಲಿನ ಮುಂದೆ ಕುಕ್ಕರಿಸಿದ್ದ. ಬೆರಳುಗಳು ಜಜ್ಜಿ, ಕಲ್ಲಿನ ಪುಡಿಯಲ್ಲಿ ರಕ್ತ ಕಲಸಿಹೋಗಿತ್ತು. ಆಚಾರಿ ತನ್ನ ಪಂಚೆಯನ್ನೇ ಹರಿದು ಸುತ್ತಿ, ಶಿವಾರಪಟ್ಟಣದಿಂದ ಹೊರಟಿದ್ದ ಲಾರಿಗೆ ಅವನನ್ನು ಹತ್ತಿಸಿ ಮಾಲೂರಿನ ಆಸ್ಪತ್ರೆಗೆ ತಂದ. ಡಾಕ್ಟರು ಎರಡು ಬೆರಳು ತೆಗೆದರು.

ಎಪ್ಪತ್ತೆಂಟನೇ ಇಸವಿಯ ವೈಶಾಖ. ಮುಂದಿನ ವಾರ ಅಶ್ವತ್ಥನ ಮದುವೆ. ಚಪ್ಪರಕ್ಕೆ ಗಳ ಬಂದು ಬಿದ್ದಿದ್ದವು. ಹುಡುಗಿ ಅನಸೂಯ, ಮುಳಬಾಗಿಲಿನಲ್ಲಿದ್ದ ಸೋದರಮಾವನ ಮಗಳು.

ಮಾರನೇ ಬೆಳಿಗ್ಗೆ ಆಸ್ಪತ್ರೆಯ ಮಂಚದ ಮೇಲೆ ಮಗ ಎಡಗೈಯಲ್ಲಿ ಕಾಫಿ ಲೋಟ ಹಿಡಿದದ್ದನ್ನು ನೋಡುತ್ತ ಕೂತಿದ್ದ ಆಚಾರಿ ತಟ್ಟನೆ ನೆಟ್ಟಗಾದ. ಕೆಲಸ ಮಾಡುವಾಗ ಸುತ್ತಿಗೆ ಇರುವುದು ಬಲಗೈಯಲ್ಲಿ. ಏಟು ತಪ್ಪಿದರೆ ಉಳಿ ಹಿಡಿದ ಎಡಗೈ ಜಜ್ಜಬೇಕು.

“ಬಲಗೈಗೆ ಹೆಂಗ್ಲಾ ಏಟು ಬಿತ್ತು?”

ಅಶ್ವತ್ಥ ಲೋಟ ಕೆಳಗಿಟ್ಟ. “ನಾನೇ ಹೊಡ್ಕೊಂಡೆ ಅಪ್ಪ. ಕೈ ಹೋದೋನಿಗೆ ಮಾವ ಹೆಣ್ಣು ಕೊಡಲ್ಲ ಅಂದ್ಕೊಂಡೆ.”

“ಅನಸೂಯ ಬೇಡ ಅಂತ ಬಾಯಲ್ಲಿ ಹೇಳಕ್ಕಾಗ್ತಿರ್ಲಿಲ್ವಾ?”

“ಅವಳೊಬ್ಳೇ ಅಲ್ಲ. ನಂಗೆ ಯಾವ ಹೆಣ್ಣಿನ ಮೇಲೂ ಮನಸ್ಸು ಹೋಗಲ್ಲ. ಗಂಡಸರ ಮೇಲೇ ಹೋಗೋದು. ಮೀಸೆ ಮೂಡೋ ಕಾಲದಿಂದ ಹಿಂಗೇ.” ಅವನು ಗೋಡೆ ನೋಡುತ್ತ ಹೇಳಿದ. “ಲೋಕದಲ್ಲಿ ನಾನೊಬ್ನೇ ಹಿಂಗೇನೋ ಅಂತ ಅನ್ನ ಸೇರ್ತಿರ್ಲಿಲ್ಲ. ನೀನು ಪಿತ್ತ ಅಂತ ಕಷಾಯ ಕುಡಿಸ್ದೆ. ಅಮ್ಮನ ಹತ್ರ ಬಾಯಿಬಿಟ್ಟೆ, ಮದುವೆಯಾದ್ರೆ ಸರಿಹೋಗುತ್ತೆ ಅಂದ್ಳು. ಹೋದ ತಿಂಗಳು ತೋಟದ ಬಾವಿ ತನಕ ಹೋಗಿ ವಾಪಸ್ ಬಂದೆ. ಬೀಳಕ್ಕೆ ಧೈರ್ಯ ಬರ್ಲಿಲ್ಲ.”

ದಿನಾ ಆಚಾರಿಯ ಪಕ್ಕದಲ್ಲೇ ಕೂತು ಕಲ್ಲು ಕೆತ್ತುತ್ತಿದ್ದ ಮಗ ಬಾವಿಯ ತನಕ ಹೋಗಿಬಂದಿದ್ದ, ತನಗೆ ತಿಳಿದಿರಲಿಲ್ಲ. ಈಚೆಗೆ ದೇವರ ಕಣ್ಣು ಬಿಡಿಸುವ ಕೆಲಸವನ್ನೆಲ್ಲ ಅವನ ಬಲಗೈಗೇ ಒಪ್ಪಿಸಿದ್ದ. ಅದು ಈಗ ಬಟ್ಟೆಯ ಉಂಡೆಯಾಗಿ ಮಗನ ಮಡಿಲಲ್ಲಿ ಬಿದ್ದಿತ್ತು.

ಅಷ್ಟರಲ್ಲಿ ಭಾಮೈದ ಶ್ರೀರಾಮಾಚಾರಿ, ಅನಸೂಯಳ ಅಪ್ಪ, ಬ್ರೆಡ್ಡು ಮೂಸಂಬಿ ಹಿಡಿದು ಒಳಗೆ ಬಂದ. ರಾತ್ರಿ ಸುದ್ದಿ ಮುಟ್ಟಿ, ಮೊದಲ ಬಸ್ಸಿಗೇ ಹೊರಟಿದ್ದನಂತೆ.

“ಏಂ ನಾಯ್ನಾ, ಹಿಂಗ್ ಮಾಡ್ಕೊಂಡ್ಯಲ್ಲ,” ಎಂದು ಅಳಿಯನ ತಲೆ ಸವರಿ, ಆಚಾರಿಯ ಕಡೆ ತಿರುಗಿದ. “ಭಾವ, ನೀನು ಹೆದರ್ಬೇಡ. ಬೆರಳು ಹೋದ್ರೆ ಸಂಬಂಧ ಹೋಗುತ್ತಾ? ಅನಸೂಯನ್ನೂ ಕೇಳ್ದೆ, ಹೆಂಗಿದ್ರೂ ಅಶ್ವತ್ಥ ಭಾವನೇ ಬೇಕು ಅಂದ್ಳು. ಇಟ್ಟ ಮುಹೂರ್ತದಲ್ಲೇ ತಾಳಿ ಕಟ್ಸೋಣ. ಗಂಟು ಹಾಕಕ್ಕೆ ಎಡಗೈ ನೆಟ್ಟಗಿದೆಯಲ್ಲ.”

ಅಶ್ವತ್ಥ ತನ್ನ ಎಡಗೈಯನ್ನು ಮೇಲೆತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದ.

ಆ ನೋಟ ಆಚಾರಿಯ ಕಣ್ಣಿಗೆ ಬಿತ್ತು. ಎದ್ದವನೇ ಮಗನ ಆ ಕೈಯನ್ನು ಬಾಚಿ ಹಿಡಿದ.

“ಈ ಮದುವೆ ಬೇಡ, ಶ್ರೀರಾಮ.”

“ಯಾಕೆ ಭಾವ? ನಮ್ಮಿಂದ ಏನು ತಪ್ಪಾಯ್ತು?”

ಭಾಮೈದ ಮತ್ತೆ ಮತ್ತೆ ಕೇಳುತ್ತಲೇ ಇದ್ದ. ಆಚಾರಿ ಮಾತ್ರ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಎದೆಗೆ ಅವುಚಿಕೊಂಡು ಬಾಗಿಲ ಕಡೆ ನೋಡುತ್ತಿದ್ದ, ಯಾರೋ ಅದನ್ನು ಕಿತ್ತುಕೊಳ್ಳಲು ಬರುತ್ತಿದ್ದಾರೆ ಎಂಬಂತೆ.