ಒಪ್ಪಿಗೆ ಉಂಟಾ ಸರ್?

"ಆ ಸಂತಾನಹರಣ ಕ್ಯಾಂಪಿನ ಕೇಸಿನಲ್ಲಿ ಕೋರ್ಟೇ ನನ್ನನ್ನು ಬಿಟ್ಟಿತು ಸಿಸ್ಟರ್. ಆದೇಶ ಮಾತ್ರ ನನ್ನದು, ಕತ್ತರಿ ಹಿಡಿದದ್ದು ನಾನಲ್ಲ," ಎನ್ನುತ್ತಾ ಮಾಜಿ ಮಂತ್ರಿ ಭುಜಂಗರಾಯರು ಇಂಜೆಕ್ಷನ್ನಿಗೆ ತೋಳು ಚಾಚಿದರು. ಬಹ್ರೇನಿನ ಮನಾಮಾದಲ್ಲಿದ್ದ ಮಗಳ ಮನೆಗೆ ಬಂದಿದ್ದವರು ಜ್ವರ ಹಿಡಿದು ಅಲ್ಲಿನ ಆಸ್ಪತ್ರೆ ಸೇರಿದ್ದರು.

ನರ್ಸ್ ಜಯಶೀಲಾ ಉಡುಪಿಯವಳು. "ಚುಚ್ಚಲಿಕ್ಕೆ ಒಪ್ಪಿಗೆ ಉಂಟಾ ಸರ್?" ಎಂದಳು.

"ಅದನ್ನೆಂತ ಕೇಳುದು ಮಾರಾಯ್ತಿ?" ಎಂದು ಅವರು ನಕ್ಕರು.

"ಕೇಳ್ಬೇಕು ಸರ್. ಎಮರ್ಜೆನ್ಸಿ ಕಾಲದಲ್ಲಿ ನಮ್ಮಣ್ಣನನ್ನು ಪೊಲೀಸರು ಬಸ್ಸಿಂದ ಇಳಿಸಿ ನಿಮ್ಮ ಕ್ಯಾಂಪಿಗೆ ಎಳ್ಕೊಂಡು ಹೋದ್ರು. ಅವನನ್ನು ಯಾರೂ ಕೇಳ್ಲಿಲ್ಲ. ಆಪರೇಷನ್ನಿನ ಗಾಯ ಕೀವಾಗಿ ಸತ್ತ."

ಅವಳು ಅವರ ತೋಳನ್ನು ಹಿಡಿದು ಸ್ಪಿರಿಟ್ ಹತ್ತಿಯಿಂದ ಮೆಲ್ಲನೆ ಒರೆಸಿದಳು. ಸೂಜಿಯ ತುದಿಯಲ್ಲಿ ಹನಿಯೊಂದು ನಿಂತಿತ್ತು. ಭುಜಂಗರಾಯರು ಬಾಗಿಲ ಕಡೆ ನೋಡಿದರು. ಅದು ಮುಚ್ಚಿತ್ತು.

"ಬೇಡ," ಎಂದರು.

ಜಯಶೀಲಾ ತೋಳು ಬಿಡಲಿಲ್ಲ.