ಏಳನೇ ತಿಂಗಳ ಚಪ್ಪರ

ಪಾಪಯ್ಯನ ಮನೆ ಮುಂದೆ ಚಪ್ಪರ ಎದ್ದದ್ದೇ ತಡ, ತಿಂಡಿ ಹೊತ್ತಿಗೆಲ್ಲ ಬೀದಿಗೆ ಬೀದಿಯೇ ಅವನ ಮಗಳ ಮದುವೆ ಮಾಡಿ ಮುಗಿಸಿತ್ತು. ಮಾಡದೆ ಇನ್ನೇನು? ದೇವನಹಳ್ಳಿ ಪಕ್ಕದ ಈ ವಿಜಯಪುರದಲ್ಲಿ ಮನೆ ಮುಂದೆ ನಾಲ್ಕು ಗಳ ನೆಟ್ಟು, ತೆಂಗಿನ ಗರಿ ಹೊದಿಸಿ, ಬಾಗಿಲಿಗೆ ಹೊಂಗೆ ಸೊಪ್ಪು ಕಟ್ಟಿದರೆ ಅದಕ್ಕೆ ಒಂದೇ ಅರ್ಥ. ಮನೆಯಲ್ಲಿ ಮದುವೆ ವಯಸ್ಸಿನ ಮಗಳು ಬೇರೆ ಇದ್ದಾಳೆ!

ಎದುರು ಮನೆಯ ಅಂಜಿನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೇ ಬಿಟ್ಟಳು. ಆದರೆ ಒಳಗೆ ಕಾಲಿಡಲಿಲ್ಲ, ಚಪ್ಪರದ ಅಂಚಿನಲ್ಲೇ ನಿಂತಳು.

"ಏನ್ ಪಾಪಯ್ಯಣ್ಣ, ಎದುರು ಮನೆಯೋರ್ಗೂ ಒಂದ್ಮಾತು ಹೇಳ್ದಂಗೆ ಮಗಳ ಮದ್ವೆನಾ? ತಾಯಿಲ್ಲದ ನಿಮ್ಮ ಶಶಿರೇಖಾಗೆ ಜಡೆ ಹಾಕಿ ಸ್ಕೂಲಿಗೆ ಕಳಿಸ್ತಿದ್ದೋಳು ನಾನು. ಕರೀದೆ ಒಳಗೆ ಬರೋಳಲ್ಲ, ಇಲ್ಲೇ ನಿಂತ್ಕೊತೀನಿ."

ಪಾಪಯ್ಯ ಏಣಿ ಮೇಲಿಂದಲೇ ನಕ್ಕ. ರೇಷ್ಮೆ ಹುರಿ ಮಾಡುವ ಕಾರ್ಖಾನೆಗೆ ರಜ ಹಾಕಿ ನಸುಕಿನಲ್ಲೇ ಗಳ ನೆಟ್ಟಿದ್ದ. ಖುಷಿಗೆ ಅವನ ಕಾಲು ಏಣಿ ಮೇಲೂ ನಿಲ್ಲುತ್ತಿರಲಿಲ್ಲ.

"ಮದ್ವೆ ಅಲ್ಲ ಕಣಮ್ಮ, ಹಬ್ಬ! ಯೆಹೂದ್ಯರ ಪಂಚಾಂಗದಲ್ಲಿ ಇದು ಏಳನೇ ತಿಂಗಳು, ತಿಶ್ರಿ ಅಂತ. ಮೊದ್ಲು ಕಹಳೆ ಊದಿ ಜನಾನ ಎಬ್ಬಿಸ್ತಾರೆ. ಆಮೇಲೆ ತಪ್ಪಿಗೆ ಕ್ಷಮೆ ಕೇಳೋ ದಿನ. ಅದಾದ್ಮೇಲೆ ಏಳು ದಿನ ಚಪ್ಪರದಲ್ಲಿ ಸಂತೋಷ. ಸಂತೋಷ ಪಡ್ಲೇಬೇಕು ಅಂತ ದೇವರ ಅಪ್ಪಣೆನೇ ಐತೆ! ಆ ದೇವರೇ ಯೇಸು ಆಗಿ ನಮ್ಮ ಮಧ್ಯೆ ಬಂದು ಗುಡಾರ ಹಾಕ್ಕೊಂಡ ಅಂತ ನಾವು ನಂಬೋದು. ಪಾಸ್ಟರು ಭಾನುವಾರ ಇದನ್ನೆಲ್ಲ ಹೇಳಿದ್ದೇ ಹೇಳಿದ್ದು, ನಂಗೆ ನಿದ್ದೇನೇ ಹತ್ತಿಲ್ಲ."

"ಅದೇನೋ ಸರಿ, ಮೇಲೆ ಇಷ್ಟಿಷ್ಟು ಸಂದಿ ಬಿಟ್ಟಿದ್ದೀಯಲ್ಲ. ಆಕಾಶ ಕಾಣ್ತದೆ."

"ಕಾಣ್ಬೇಕು! ಮಲಗಿದ್ರೆ ನಕ್ಷತ್ರ ಕಾಣ್ಬೇಕು. ಇನ್ನೊಂದು ಕೇಳು. ಈ ಏಳು ದಿನ ಇದರೊಳಗೆ ಯಾರೇ ಬರ್ಲಿ, ಹೋಗು ಅನ್ನಂಗಿಲ್ಲ. ಬಡವ, ಪರದೇಶಿ, ಯಾರೇ ಆಗ್ಲಿ. ಇಡೀ ಬೀದಿಗೇ ಕೇಳ್ಲಿ ಅಂತ ಏಣಿ ಮೇಲಿಂದ ಕೂಗಿ ಹೇಳ್ತಿದ್ದೀನಿ."

ಅಂಜಿನಮ್ಮ ಹಣೆ ಚಚ್ಚಿಕೊಂಡಳು. "ಅಯ್ಯಯ್ಯೋ! ಹೊತ್ತಾರೆ ನೀನು ಗಳ ನೆಡೋದು ನೋಡಿ ನಾನು ನಮ್ಮ ನವೀನಂಗೆ ಫೋನ್ ಮಾಡ್ಬಿಟ್ನಲ್ಲ, ಶಶಿ ಮದ್ವೆ ಕಣೋ, ರಜ ಹಾಕ್ಕೊಂಡು ಬಾ ಅಂತ!"

ಬಾಗಿಲಿಗೆ ಸೊಪ್ಪು ಕಟ್ಟುತ್ತಿದ್ದ ಶಶಿರೇಖಾಳ ಕೈ ನಿಂತೇ ಹೋಯಿತು. ಅಂಜಿನಮ್ಮನ ಮಗ ನವೀನ್‌ಕುಮಾರ್ ಸೋಂಪುರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಎರಡು ವರ್ಷದಿಂದ ಅವರಿಬ್ಬರ ನಡುವಿನ ಮಾತು ಅವರಿಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ಅಪ್ಪನಿಗೋ, ಅಳಿಯನಾಗುವವನು ತಮ್ಮ ಚರ್ಚಿನ ಸಭೆಯ ಹುಡುಗನೇ ಆಗಬೇಕೆಂಬ ಹಟ. ಹೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಒಳಗೋಡಿ ಮೊಬೈಲ್ ನೋಡಿದರೆ ಉದ್ದಕ್ಕೂ ಅವನದೇ ಮಿಸ್ಡ್ ಕಾಲ್. ತಿರುಗಿ ಮಾಡಿದಳು, ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಆಸಾಮಿ ಆಗಲೇ ಬೈಕ್ ಮೇಲೆ ದೇವನಹಳ್ಳಿ ದಾಟಿದ್ದ.

ಬೈಕು ಬಂದ ರಭಸಕ್ಕೆ ಬೀದಿಯ ಕೋಳಿಗಳೆಲ್ಲ ಚೆಲ್ಲಾಪಿಲ್ಲಿ. ಕಾರ್ಖಾನೆಯ ಯೂನಿಫಾರಂ, ಕುತ್ತಿಗೆಯಲ್ಲಿ ಐಡಿ ಕಾರ್ಡು, ತಲೆಯ ಮೇಲಿನ ಹೆಲ್ಮೆಟ್ ಕೂಡ ತೆಗೆಯದೆ ನವೀನ ಚಪ್ಪರದ ನಟ್ಟನಡುವೆ ನುಗ್ಗಿದ.

"ಮಾವ, ನಿಲ್ಸಿ! ಈ ಮದ್ವೆ ನಿಲ್ಸಿ!"

"ಯಾರ್ ಮದ್ವೆನೋ?"

"ಶಶಿದು!"

"ಯಾರ್ ಜೊತೆ?"

"ಯಾರ್ ಜೊತೆನಾದ್ರೂ ಆಗ್ಲಿ ಮಾವ, ಅವ್ನು ನಾನಲ್ವಲ್ಲ!"

ಪಾಪಯ್ಯನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆದದ್ದೇ ಮುಖ ಕೆಂಪೇರಿತು. ಏಣಿಯಿಂದ ಧಡಧಡ ಇಳಿದು ಬಂದು ಬೀದಿಯತ್ತ ಕೈ ಎತ್ತಿದ.

"ಹೋಗೋ..."

"ಅಪ್ಪಾ!" ಒಳಗಿಂದ ಓಡಿ ಬಂದ ಶಶಿರೇಖಾ ಹೇಳಿಯೇ ಬಿಟ್ಟಳು. "ನವೀನ ಚಪ್ಪರದ ಒಳಗಿದ್ದಾನೆ."

ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಪಾಪಯ್ಯ ತಲೆ ಮೇಲೆತ್ತಿದ. ತಾನೇ ಬಿಟ್ಟ ಸಂದಿಯಿಂದ ಬಿಸಿಲು ಸೀದಾ ಕಣ್ಣಿಗೆ ಬಿತ್ತು. ಏಣಿ ಮೇಲಿಂದ ಬೀದಿಗೆಲ್ಲ ತಾನೇ ಸಾರಿದ ಮಾತು, ಈಗ ನುಂಗುವ ಹಾಗಿಲ್ಲ.

"ನೀನೂ ಒಪ್ಕೊಂಡಿದ್ದೀಯೇನಮ್ಮ?"

"ಹ್ಞೂಂ ಅಪ್ಪ. ನಿಮಗೆ ಹೇಳೋಕೆ ಭಯ ಆಗಿತ್ತು."

ಭಯ ಅನ್ನುವ ಮಾತು ಪಾಪಯ್ಯನ ಎದೆಗೆ ನಾಟಿತು. ಕೈ ಕೆಳಗಿಳಿಸಿ ಚಾಪೆಯ ಮೇಲೆ ಕೂತ. "ಮೊದ್ಲು ಆ ಹೆಲ್ಮೆಟ್ ತೆಗಿಯೋ," ಅಂದ. "ಕೂತ್ಕೊ. ಶಶಿ, ನೀರು ತಂದ್ಕೊಡು."

ಎಲ್ಲರ ಕಣ್ಣೂ ಈಗ ಅಂಜಿನಮ್ಮನ ಮೇಲೆ. ನೀರಿನ ಚೊಂಬು ಹಿಡಿದು ಬಂದ ಶಶಿರೇಖಾ ಕೂಡ ಅವಳ ಮುಖವನ್ನೇ ನೋಡಿದಳು.

"ತೋರ್ಸಿದ ಹೆಣ್ಣಿಗೆಲ್ಲ ಮೂಗು ಮುರೀತಿದ್ದೆಯಲ್ಲೋ, ಇದಕ್ಕೇನೋ?" ಅಂಜಿನಮ್ಮ ಮಗನಿಗೆ ದಬಾಯಿಸಿದಳು. "ನಿಂಗೆ ಯಾವ್ದೋ ದೋಷ ಐತೆ ಅಂತ ಕಂಡಕಂಡ ದೇವ್ರಿಗೆಲ್ಲ ಹರಕೆ ಹೊತ್ನಲ್ಲೋ! ಎದುರು ಮನೇಲಿ ಇರೋದನ್ನ ಬಾಯ್ಬಿಟ್ಟು ಹೇಳಕ್ಕೇನಾಗಿತ್ತು?"

ಅವಳ ಬಾಯಲ್ಲಿ ಬೈಗುಳ, ಕಣ್ಣಲ್ಲಿ ನೀರು. ಸೆರಗಿನಿಂದ ಮುಖ ಒರೆಸಿಕೊಂಡು, ಬೆಳಗಿನಿಂದ ಹೊರಗೇ ನಿಂತಿದ್ದವಳು ಚಪ್ಪರದೊಳಗೆ ಕಾಲಿಟ್ಟಳು. ಮೂಲೆಯ ಗಳವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು. ಗಟ್ಟಿಯಾಗೇ ಇತ್ತು.

"ದೇವರ ವಿಚಾರ ನಾವಿಬ್ರೂ ಆಮೇಲೆ ಕೂತು ಮಾತಾಡಾನ ಪಾಪಯ್ಯಣ್ಣ," ಅಂದಳು. "ನಿಮ್ಮ ಹಬ್ಬ ಮುಗುದ್ಮೇಲೆ ಗಳ ಮಾತ್ರ ಕೀಳ್ಬೇಡ. ಗರಿ ನಾನು ತರ್ಸ್ತೀನಿ. ನಮ್ಮನೆ ಮದ್ವೆ ಚಪ್ಪರದಲ್ಲಿ ಆಕಾಶ ಕಾಣಂಗಿಲ್ಲ."